ಅರಿಯಾಡ್ನಿಯ ಬಾಯಲ್ಲಿ ನಾನು ಆಡಿದ ಮಾತು

ಸುಮನಾ, ಏಳು ವರ್ಷದ ಹಿಂದೆ ನೀವು ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ. ನಾನು ಇಲ್ಲ ಎಂದೆ. ಅದು ಸುಳ್ಳು. ಹರೀಶ ನನಗೆ ಎಲ್ಲವನ್ನೂ ಹೇಳಿದ್ದ. ನಿಮಗೂ ಹೇಳುವವನಿದ್ದ — ಯಾವ ದಿನ ಹೇಳುತ್ತಾನೆ ಎಂಬುದು ಕೂಡ ನನಗೆ ಗೊತ್ತಿತ್ತು.

ಇನ್ನೊಂದು ಇದೆ. ಅದನ್ನೂ ಈಗಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಕೆಳಗೆ ಬರೆಯುತ್ತ ಬರೆಯುತ್ತ ನುಣುಚಿಕೊಂಡೇನು. ಆ ಭಾನುವಾರ ಮೆಲ್ಬರ್ನ್‌ನಲ್ಲಿ ನಾನು ಆಡಿದ ಮಾತು, ಎಲ್ಲರೂ ಅಂದುಕೊಂಡ ಹಾಗೆ, ಮಾತಿನ ಓಘದಲ್ಲಿ ಬಾಯಿಗೆ ಬಂದದ್ದಲ್ಲ. ಹತ್ತು ಹನ್ನೆರಡು ದಿನ ಮೊದಲೇ ಬರೆದಿಟ್ಟುಕೊಂಡದ್ದು. ಬರೆದ ನೋಟ್‌ಬುಕ್ ಈ ಕಾಗದದ ಜೊತೆಗಿದೆ, ನೋಡಿ.

ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ, ಸಹಿಸಿಕೊಳ್ಳಿ. ಅನುಷಾಳಿಗೂ ಇದು ತಿಳಿಯಬೇಕು. ಅವಳಿಗೆ ಕನ್ನಡ ಕೇಳಿ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನೀವೇ ಓದಿ ಹೇಳಬೇಕಾದೀತು. ಅಪ್ಪನ ಬಗ್ಗೆ, ಅಮ್ಮನ ಬಾಯಿಂದ... ಆ ಕಷ್ಟವನ್ನೂ ನಿಮ್ಮ ಮೇಲೆಯೇ ಹೊರಿಸುತ್ತಿದ್ದೇನೆ.

ನಾನು ಮತ್ತು ಹರೀಶ ಇಬ್ಬರೂ ಉಡುಪಿ ಕಡೆಯವರು. ನಾನು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ, ಅವನು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ನಡುವೆ ಒಂಬತ್ತು ಗಂಟೆಯ ದಾರಿ. ನಮ್ಮನ್ನು ಕಟ್ಟಿಹಾಕಿದ್ದು ತಾಳಮದ್ದಳೆ. ವರ್ಷಕ್ಕೆ ಎರಡು ಕೂಟ, ಒಂದು ಇಲ್ಲಿ, ಒಂದು ಅಲ್ಲಿ. ನೀವು ಧಾರವಾಡದವರು. ಮದುವೆಯಾದ ಹೊಸತರಲ್ಲಿ ನಮ್ಮ ಆಟ ನೋಡಿ, "ಏನ್ರೀ ಇದು, ಬಣ್ಣಿಲ್ಲ, ಕುಣಿತಿಲ್ಲ, ಕುಂತಕೊಂಡ ಜಗಳಾ ಆಡ್ತೀರಿ!" ಎಂದು ನಕ್ಕಿದ್ದಿರಂತೆ. ಹರೀಶ ಅದನ್ನು ಎಷ್ಟು ಜನರಿಗೆ ಹೇಳಿದ್ದಾನೋ. ಸರಿಯಾದ ಮಾತೇ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ನಾವು ಕುಳಿತು ಪಾತ್ರಗಳಾಗಿ ಮಾತಾಡುತ್ತೇವೆ. ಆ ಮಾತು, ನಾವು ಅರ್ಥ ಎನ್ನುವುದು, ಯಾರೂ ಬರೆದುಕೊಟ್ಟದ್ದಲ್ಲ. ಎದುರಿನವನು ಏನು ಕೇಳಿದರೂ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಕೂಟದಲ್ಲಿ ಎಷ್ಟೇ ಚುಚ್ಚಿದರೂ ಅದನ್ನು ಮನೆಗೆ ಕೊಂಡೊಯ್ಯಬಾರದು ಎನ್ನುವುದು ನಮ್ಮಲ್ಲಿನ ಕಟ್ಟುಪಾಡು. ಎದ್ದ ಮೇಲೆ ಒಟ್ಟಿಗೆ ಕುಳಿತು ಉಣ್ಣುತ್ತೇವೆ.

ಈ ಕಟ್ಟುಪಾಡಿನ ಮರೆಯಲ್ಲಿ ನಿಂತೇ ನಾನು ಹೊಡೆದದ್ದು.

ಗ್ರೀಕರ ಥೀಸಿಯಸ್‌ನ ಕಥೆ ನಮ್ಮೊಳಗೆ ಬಂದದ್ದು ಆ ಹಾಲ್‌ನಿಂದಾಗಿ. ಮೆಲ್ಬರ್ನ್‌ನಲ್ಲಿ ನಾವು ಬಾಡಿಗೆಗೆ ಹಿಡಿಯುತ್ತಿದ್ದ ಸಮುದಾಯ ಭವನದಲ್ಲಿ ಬುಧವಾರಗಳಂದು ಗ್ರೀಕ್ ಹಿರಿಯರು ಸೇರುತ್ತಿದ್ದರಲ್ಲ, ಅವರಲ್ಲಿ ಎಲೆನಿ ಎಂಬ ಎಂಬತ್ತರ ಅಜ್ಜಿ ಒಮ್ಮೆ ಕೀಲಿ ಕೊಡಲು ಬಂದವರು ನಮ್ಮ ಅಭ್ಯಾಸವನ್ನು ಅರ್ಧ ಗಂಟೆ ನಿಂತು ನೋಡಿದರು. "ನಮ್ಮ ಕಥೆಯೊಂದನ್ನು ಹೀಗೆ ಜಗಳವಾಡಿ, ನೋಡೋಣ" ಎಂದರು. ಹರೀಶನಿಗೆ ಅಷ್ಟೇ ಸಾಕಾಯಿತು. ಅವನಿಗೆ ಗೊತ್ತಿದ್ದದ್ದು ಗೂಳಿಮುಖದ ರಾಕ್ಷಸನನ್ನು ಕೊಂದ ವೀರನ ಕಥೆ ಮಾತ್ರ. ಪೂರ್ತಿ ಜೀವನವನ್ನು ಹೇಳಿದ್ದು ಎಲೆನಿ — ಬಿಸ್ಕತ್ತು ತಿನ್ನಿಸುತ್ತ, ಎರಡು ಬುಧವಾರ.

ಹುಡುಗನಾಗಿದ್ದಾಗಲೇ ಬಂಡೆಯನ್ನೆತ್ತಿ ಅದರಡಿ ಅಪ್ಪ ಬಚ್ಚಿಟ್ಟಿದ್ದ ಕತ್ತಿ, ಚಪ್ಪಲಿ ತೆಗೆದವನು. ಅವುಗಳನ್ನು ತೊಟ್ಟು ಅಪ್ಪನನ್ನು ಹುಡುಕುತ್ತ ಹೊರಟು, ದಾರಿಯುದ್ದಕ್ಕೂ ದುಷ್ಟರನ್ನು ಕೊಲ್ಲುತ್ತ ಅಥೆನ್ಸ್ ಮುಟ್ಟಿದವನು. ಕ್ರೀಟ್ ದ್ವೀಪದಲ್ಲಿ, ಒಳಹೊಕ್ಕವರಾರೂ ಹೊರಬರಲಾಗದ ಜಟಿಲ ಕೋಟೆಯಲ್ಲಿ, ಆ ರಾಕ್ಷಸನನ್ನು ಕೊಂದ. ಹೊರಬಂದದ್ದು ಮಾತ್ರ ತನ್ನ ಬಲದಿಂದಲ್ಲ — ಅಲ್ಲಿನ ರಾಜಕುಮಾರಿ ಅರಿಯಾಡ್ನಿ ಕೊಟ್ಟ ನೂಲಿನ ಉಂಡೆಯಿಂದ. ಅವಳು ತಂದೆಯನ್ನು ಬಿಟ್ಟು ಇವನ ಜೊತೆ ಹಡಗು ಹತ್ತಿದಳು. ದಾರಿಯಲ್ಲಿ ಒಂದು ದ್ವೀಪದಲ್ಲಿ ಅವಳು ನಿದ್ದೆ ಹೋಗಿದ್ದಾಗ ಇವನು ಹಡಗು ಬಿಟ್ಟುಕೊಂಡು ಹೋದ. ಬದುಕಿ ಬಂದರೆ ಬಿಳಿ ಹಾಯಿ ಕಟ್ಟುತ್ತೇನೆ ಎಂದು ಅಪ್ಪನಿಗೆ ಕೊಟ್ಟ ಮಾತನ್ನೂ ಮರೆತ. ಕಪ್ಪು ಹಾಯಿ ನೋಡಿ ಮುದುಕ ಸಮುದ್ರಕ್ಕೆ ಹಾರಿದ. ಇವನು ರಾಜನಾದ, ಹೊಗಳಿಸಿಕೊಂಡ, ಕೊನೆಗೆ ಊರವರಿಗೇ ಬೇಡವಾದ. ಇನ್ನೊಂದು ದ್ವೀಪದ ದೊರೆಯ ಆಸರೆ ಬೇಡಿ ಹೋದಾಗ, ಆ ದೊರೆ ಇವನನ್ನು ಬೆಟ್ಟದ ಮೇಲಿಂದ ಊರು ತೋರಿಸುತ್ತೇನೆಂದು ಕರೆದೊಯ್ದು ಹಿಂದಿನಿಂದ ತಳ್ಳಿದ.

ಪ್ರಸಂಗಕ್ಕೆ ಪದ್ಯ ಕಟ್ಟಿದವರು ನಮ್ಮ ಸಿಡ್ನಿಯ ಭಾಗವತರು. ಹರೀಶ ಥೀಸಿಯಸ್. ನಾನು ಎರಡನೆಯ ಭಾಗದಲ್ಲಿ ಅರಿಯಾಡ್ನಿ, ಮೂರನೆಯದರಲ್ಲಿ ಆ ತಳ್ಳುವ ದೊರೆ. ಐವತ್ತೈದು ವರ್ಷದ ಬೋಳುತಲೆಯವನು ರಾಜಕುಮಾರಿಯಾಗುವುದು ನಮ್ಮಲ್ಲಿ ಹೊಸದೇನಲ್ಲ. ಎಲೆನಿ ಮಾತ್ರ ಬಿದ್ದು ಬಿದ್ದು ನಕ್ಕರು.

ಪದ್ಯಗಳ ಅಭ್ಯಾಸಕ್ಕೆಂದು ಹರೀಶ ಸಿಡ್ನಿಗೆ ಬಂದಿದ್ದ. ಹಿಂದಿರುಗುವಾಗ ನಾನೂ ಅವನ ಕಾರಿನಲ್ಲಿ ಹೊರಟೆ, ಹಾಲ್‌ನಲ್ಲಿ ಮೈಕ್ ವ್ಯವಸ್ಥೆ ನೋಡಿ ವಿಮಾನದಲ್ಲಿ ಮರಳುವುದು ಎಂದು. ಬೆಳಿಗ್ಗೆ ಏಳಕ್ಕೆ ಬಿಟ್ಟೆವು. ಗೌಲ್ಬರ್ನ್ ದಾಟುವವರೆಗೂ ಅವನು ಎಂದಿನಂತೆ ಬಾಯಿ ಮುಚ್ಚಲಿಲ್ಲ. ಆಮೇಲೆ ಸುಮ್ಮನಾದ. ಹರೀಶ ಸುಮ್ಮನಾಗುವುದೆಂದರೆ ಏನೆಂದು ನಿಮಗೇ ಗೊತ್ತು. ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದೆ.

"ವಾಸಣ್ಣ, ನಾನು ಹಾಗೆ ಮಾಡಿದ್ದೇನೆ," ಎಂದ. "ಎಂತದ್ದು?" ಎಂದರೆ, "ಅರಿಯಾಡ್ನಿ." ಕಣ್ಣು ರಸ್ತೆಯ ಮೇಲೆ.

ಆಮೇಲೆ ಹೇಳಿದ್ದೆಲ್ಲ ನಿಮಗೆ ಅವನ ಬಾಯಿಂದಲೇ ಗೊತ್ತಾಗಿದೆ. ನಿಮಗಿಂತ ಮೊದಲು ಅವನಿಗೊಂದು ಮದುವೆಯಾಗಿತ್ತು. ಅವಳು ನರ್ಸ್. ಈ ದೇಶಕ್ಕೆ ಅವನು ಬಂದದ್ದು ಅವಳ ವೀಸಾದ ಮೇಲೆ, ಇಲ್ಲೇ ಕಾಯಂ ಉಳಿಯುವ ಪಿಆರ್ ಸಿಕ್ಕಿದ್ದು ಅವಳಿಂದ. ಅವನು ಫಿಸಿಯೊಥೆರಪಿಯ ಪರೀಕ್ಷೆಗಳಿಗೆ ಓದಿಕೊಂಡಿದ್ದ ಮೂರು ವರ್ಷವೂ ಅವಳು ವೃದ್ಧಾಶ್ರಮವೊಂದರಲ್ಲಿ ನೈಟ್ ಶಿಫ್ಟ್ ಮಾಡಿದಳು. ಪರೀಕ್ಷೆ ಪಾಸಾಯಿತು. ಜಗಳವೂ ಇರಲಿಲ್ಲ, ಏನೂ ಇರಲಿಲ್ಲ, ಅವಳೆಂದರೆ ಬೇಸರ ಬಂದಿತ್ತು ಅಷ್ಟೇ ಎಂದ. ಒಂದು ಬೆಳಿಗ್ಗೆ ಅವಳು ಶಿಫ್ಟ್ ಮುಗಿಸಿ ಬಂದು ಮಲಗಿದ್ದಾಗ ಬ್ಯಾಗ್ ಹೆಗಲಿಗೆ ಹಾಕಿ ಹೊರಬಂದು, ಮನೆಯ ಕೀಲಿಯನ್ನು ಟಪಾಲು ಪೆಟ್ಟಿಗೆಯೊಳಗೆ ಹಾಕಿ ಹೋದ. ವಿಚ್ಛೇದನದ ಕಾಗದಗಳು ಆಮೇಲೆ ಬಂದವು, ಅವಳು ಸಹಿ ಹಾಕಿ ಕಳಿಸಿದಳು. ನಿಮ್ಮ ಮನೆಯವರು ಹೆಣ್ಣು ತೋರಿಸಿದಾಗ ಅವನು ಈ ಮಾತೇ ಎತ್ತಲಿಲ್ಲ.

"ಸುಮನಂಗೆ ಹೇಳ್ಬೇಕು ವಾಸಣ್ಣ. ಹತ್ತೊಂಬತ್ತು ವರ್ಷ ಆಯ್ತು. ಆ ಅಜ್ಜಿ ಕಥೆ ಹೇಳಿದ ದಿನದಿಂದ ನನಗೆ ಅವಳ ಮುಖ ನೋಡ್ಲಿಕ್ಕೆ ಆಗುದಿಲ್ಲ. ಆಟ ಮುಗಿಯಲಿ. ಅದರ ಮುಂದಿನ ಶನಿವಾರ ಅನುಷ ಕ್ಯಾಂಪಿಗೆ ಹೋಗ್ತಾಳೆ. ಮನೆಯಲ್ಲಿ ನಾವಿಬ್ರೇ. ಹೇಳ್ತೇನೆ."

"ಹೇಳು. ಒಳ್ಳೇದೇ," ಎಂದೆ.

"ನೀವು ಯಾರತ್ರವೂ..."

"ಛೆ, ಎಂತ ಹೇಳ್ತೀಯ ಮಾರಾಯ."

ಇಷ್ಟೇ ನಡೆದ ಮಾತು. ನಿಮಗೆ ಬೇಕಾಗಿದ್ದದ್ದೂ ಇಷ್ಟೇ.

ಅವನನ್ನು ಸಮರ್ಥಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವನು ಆ ಹೆಣ್ಣಿಗೆ ಮಾಡಿದ್ದಕ್ಕೂ ನಿಮ್ಮಿಂದ ಮುಚ್ಚಿಟ್ಟದ್ದಕ್ಕೂ ನೀವು ಕೊಡುವ ಹೆಸರು ಏನಿದ್ದರೂ ಅದು ಸರಿಯೇ. ಆದರೆ ಅವನು ಅಂದು ಕಾರಿನಲ್ಲಿ ಅತ್ತಿದ್ದ. ಆಲ್ಬರಿಯಲ್ಲಿ ನದಿಯ ಪಕ್ಕ ನಿಲ್ಲಿಸಿ ಮುಖ ತೊಳೆದುಕೊಂಡು ಬಂದ. ನಾನು ಬೆಂಚಿನ ಮೇಲೆ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಮನಸ್ಸಿನಲ್ಲಿ ಏನಿತ್ತು ಗೊತ್ತೇ? ಕನಿಕರವಿತ್ತು ಎಂದು ಬರೆಯಲು ಪೆನ್ನು ಹೊರಟಿತು — ಇಲ್ಲ. ಟಪಾಲು ಪೆಟ್ಟಿಗೆ ಎಂಥ ಒಳ್ಳೆಯ ಮಾತು ಎಂದುಕೊಂಡೆ.

ಇಲ್ಲಿ ನಾನು ನನ್ನ ಹೊಟ್ಟೆಕಿಚ್ಚಿನ ಕಥೆಯನ್ನೂ ಹೇಳಬೇಕು. ಕಾರಣವೆಂದಲ್ಲ. ಹೊಟ್ಟೆಕಿಚ್ಚು ಯಾರಿಗಿಲ್ಲ, ಎಲ್ಲರೂ ಹೀಗೆ ಮಾಡುತ್ತಾರೆಯೇ?

ಊರಿನಲ್ಲಿದ್ದಾಗ ಇಪ್ಪತ್ತರ ವಯಸ್ಸಿಗೇ ದೊಡ್ಡವರ ಕೂಟಗಳಲ್ಲಿ ಅರ್ಥ ಹೇಳಿದವನು ನಾನು. ಹರೀಶ ಕಲಿತದ್ದು ಇಲ್ಲಿ ಬಂದು, ಮೊದಲ ಎರಡು ವರ್ಷ ನನ್ನಿಂದಲೇ. ಆದರೆ ಜನ ಬರುತ್ತಿದ್ದದ್ದು ಅವನನ್ನು ಕೇಳಲು. ಅವನಿಗೆ ನಗಿಸುವುದು ಬರುತ್ತಿತ್ತು. ಹಿಂದಿನ ವರ್ಷ ಇಲ್ಲಿ ಸಿಡ್ನಿಯ ಪ್ಯಾರಮಟ್ಟಾದ ಕೂಟದಲ್ಲಿ ನಾನು ದೂತ, ಅವನು ರಾಜ. ಒಂದು ಕಡೆ ನನಗೆ ಮಾತು ತಪ್ಪಿತು. ನಾಲ್ಕೈದು ಸೆಕೆಂಡು ಇರಬಹುದು. "ಎಲೈ ದೂತ, ಸಂದೇಶವನ್ನು ಬಸ್ಸಿನಲ್ಲಿ ಬಿಟ್ಟುಬಂದೆಯೋ?" ಎಂದ ಹರೀಶ. ಹಾಲ್‌ಗೆ ಹಾಲೇ ನಕ್ಕಿತು. ಯಾರೋ ವಿಡಿಯೊ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಅದರ ಕೆಳಗೆ ನಗುವ ಮುಖಗಳ ಸಾಲು. ನಾನೂ ಒಂದು ನಗುವ ಮುಖ ಹಾಕಿದೆ. ಆಮೇಲೆ ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಮೆಲ್ಬರ್ನಿನಿಂದ ವಾಪಸು ಬಂದ ಎರಡನೆಯ ದಿನವೇ, ಪ್ಯಾರಮಟ್ಟಾದ ಆಫೀಸಿಗೆ ಹೋಗುವ ರೈಲಿನಲ್ಲಿ, ನೋಟ್‌ಬುಕ್ ತೆಗೆದು ಬರೆಯತೊಡಗಿದೆ. ಬರೆದು ಹೊಡೆದುಹಾಕಿ, ಮತ್ತೆ ಬರೆದು. ಇದನ್ನು ಹೇಳುವುದಿಲ್ಲ, ಸುಮ್ಮನೆ ಬರೆಯುತ್ತಿದ್ದೇನೆ ಎಂದುಕೊಂಡೇ ಬರೆದೆ. ನಾಲ್ಕು ಬೆಳಿಗ್ಗೆ ಬರೆದೆ. ಆಮೇಲೆ ಬಾಯಿಪಾಠ ಮಾಡಿದೆ. ಹೇಳದ ಮಾತನ್ನು ಯಾರಾದರೂ ಬಾಯಿಪಾಠ ಮಾಡುತ್ತಾರೆಯೇ, ಸುಮನಾ?

ಆ ಭಾನುವಾರ ಮಧ್ಯಾಹ್ನ. ಹಾಲ್‌ನ ಅರ್ಧ ನಮ್ಮವರು, ಅರ್ಧ ಗ್ರೀಕ್ ಹಿರಿಯರು, ಅವರ ಕೈಯಲ್ಲಿ ಇಂಗ್ಲಿಷ್ ಸಾರಾಂಶದ ಹಾಳೆ. ನೀವು ಎರಡನೆಯ ಸಾಲಿನಲ್ಲಿ ಅನುಷಾಳ ಪಕ್ಕ. ಮೊದಲ ಭಾಗ ಹರೀಶನದೇ. ಬಂಡೆ ಎತ್ತಿದ್ದು, ಕಳ್ಳರನ್ನು ಕೊಂದದ್ದು — ಭಾಷೆ ತಿಳಿಯದ ಮುದುಕರು ಕೂಡ ಚಪ್ಪಾಳೆ ಹೊಡೆದರು. ಎರಡನೆಯ ಭಾಗದಲ್ಲಿ ಭಾಗವತರು ಅರಿಯಾಡ್ನಿಗೆ ಎಚ್ಚರವಾಗುವ ಪದ್ಯ ಹಾಡಿದರು. ನಮ್ಮ ಪ್ರಸಂಗದಲ್ಲಿ ಅವಳು ಆಮೇಲೆ ಅಥೆನ್ಸಿಗೆ ಬಂದು ರಾಜಸಭೆಯಲ್ಲಿ ಅವನನ್ನು ಎದುರಿಸುತ್ತಾಳೆ. ಗ್ರೀಕರ ಕಥೆಯಲ್ಲಿ ಅದಿಲ್ಲ. ವಾದಕ್ಕೆ ಅವಕಾಶವಿರಲಿ ಎಂದು ಅದನ್ನು ಸೇರಿಸಲು ಹೇಳಿದ್ದು ನಾನೇ.

ಹರೀಶ ಚೆನ್ನಾಗಿಯೇ ವಾದಿಸುತ್ತಿದ್ದ. ದೇವರ ಆಜ್ಞೆ ಎಂದ, ರಾಜಧರ್ಮ ಎಂದ. ಜನ ಅವನ ಕಡೆಗೆ ವಾಲುತ್ತಿದ್ದರು. ನನಗೆ ಅದು ಕಾಣುತ್ತಿತ್ತು. ಆಗ ಹೇಳಿದೆ.

"ಎಲೈ ಥೀಸಿಯಸ್, ಈ ನೆಲದಲ್ಲಿ ನಿನಗೆ ನಿಲ್ಲಲು ಜಾಗ ಸಿಕ್ಕಿದ್ದು ಯಾರ ಹೆಸರಿನಿಂದ? ಇರುಳಿಡೀ ಯಾರದೋ ಮುದುಕರ ಸೇವೆ ಮಾಡಿ, ಬೆಳಿಗ್ಗೆ ಬಂದು ನಿನಗೆ ಅನ್ನ ಬಡಿಸಿದವಳು ಯಾರು? ಅವಳು ದಣಿದು ಮಲಗಿದ್ದಾಗ ಚೀಲವನ್ನು ಹೆಗಲಿಗೇರಿಸಿ, ಮನೆಯ ಕೀಲಿಯನ್ನು ಟಪಾಲು ಪೆಟ್ಟಿಗೆಗೆ ಹಾಕಿ ನಡೆದವನಲ್ಲವೇ ನೀನು? ಇಂದು ನಿನ್ನ ಅರಮನೆಯಲ್ಲಿರುವ ಈ ರಾಣಿಯಾದರೂ ಬಲ್ಲಳೇ, ನಿನ್ನ ಮೊದಲನೆಯವಳ ಹೆಸರೇನೆಂದು?"

ಟಪಾಲು ಪೆಟ್ಟಿಗೆಗೆ ಜನ ನಕ್ಕರು. ಪುರಾಣಕಾಲದವರ ಬಾಯಲ್ಲಿ ಇಂದಿನ ಮಾತು ಬಂದರೆ ನಮ್ಮವರು ನಗುತ್ತಾರೆ. ಕೊನೆಯ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ನಾನು ಹರೀಶನ ಉತ್ತರಕ್ಕೆ ಕಾಯುವವನಂತೆ ಮುಖ ಮಾಡಿ ಕುಳಿತೆ.

ಚಪ್ಪಾಳೆ ನಿಂತಿತು. ಭಾಗವತರು ತಾಳ ಕುಟ್ಟಿ ಎಚ್ಚರಿಸಿದರು. ಹರೀಶ ನನ್ನನ್ನು ನೋಡಲಿಲ್ಲ — ನಿಮ್ಮನ್ನು ನೋಡಿದ. ನೀವು ನಗುತ್ತಿದ್ದಿರಿ, ಎಲ್ಲರಂತೆ. ಅವನು ನೋಡುತ್ತಲೇ ಇದ್ದ. ನಿಮ್ಮ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅದನ್ನು ನಾನು ಪೂರ್ತಿ ನೋಡಿದೆ. ಹರೀಶ ಹೆಗಲ ಶಾಲನ್ನು ತೆಗೆದು ಮಡಚಿ, ಚಾಪೆಯ ಮೇಲಿಟ್ಟು, ಎದ್ದು ಹೋದ. ಭಾಗವತರು ಹೇಗೋ ಮಂಗಳ ಹಾಡಿ ಮುಗಿಸಿದರು. ಮೂರನೆಯ ಭಾಗ ನಡೆಯಲೇ ಇಲ್ಲ. ದೊರೆಯಾಗಿ ನಾನು ಅವನನ್ನು ಬೆಟ್ಟದಿಂದ ತಳ್ಳುವ ಅಗತ್ಯ ಬೀಳಲಿಲ್ಲ.

ಊಟದ ಹೊತ್ತಿಗೆ ಹೆಂಗಸರು ಬಂದು ನನ್ನನ್ನು ಸುತ್ತುವರಿದರು. ಹೆಣ್ಣಿನ ಸಂಕಟವನ್ನು ಗಂಡಸೊಬ್ಬ ಇಷ್ಟು ಚೆನ್ನಾಗಿ ಹೇಳಿದ್ದನ್ನು ಕೇಳಿರಲಿಲ್ಲ ಎಂದರು. ಹರೀಶ ಗೆಲ್ಲಲಾಗದೆ ಎದ್ದುಹೋದ ಎಂದು ಇನ್ನು ಕೆಲವರು. ನಾನು ಕೈಮುಗಿದೆ. ಆ ನರ್ಸ್ ಯಾರು, ಎಲ್ಲಿದ್ದಾಳೆ, ನನಗೆ ಹೆಸರೂ ಗೊತ್ತಿರಲಿಲ್ಲ. ಹರೀಶನನ್ನು ಕೇಳಿಯೂ ಇರಲಿಲ್ಲ. ಅವಳ ಸಂಕಟದಿಂದ ನನಗೆ ಬೇಕಾಗಿದ್ದದ್ದು ಚಪ್ಪಾಳೆ ಮಾತ್ರ.

ಎಲೆನಿ ಬಂದು ನನ್ನ ತೋಳು ಹಿಡಿದರು. ಅವರಿಗೆ ಒಂದು ಮಾತೂ ತಿಳಿದಿರಲಿಲ್ಲ. "ನಮ್ಮ ಅರಿಯಾಡ್ನಿ ಅಳುತ್ತಾಳೆ," ಎಂದರು ಇಂಗ್ಲಿಷಿನಲ್ಲಿ. "ನಿನ್ನವಳು ಅಳಲಿಲ್ಲ. ಖುಷಿಯಾಗಿದ್ದಳು."

ಕನ್ನಡ ತಿಳಿದ ನೂರು ಜನರಿಗೆ ಕಾಣದ್ದು ಅವರಿಗೆ ಕಂಡಿತ್ತು. ನಾನು ನಕ್ಕು ತಪ್ಪಿಸಿಕೊಂಡೆ.

ಆ ಸಂಜೆ ನೀವು ಹರೀಶನನ್ನು ಕೇಳಿದಿರಿ, ಅವನು ಹೇಳಿದ. ಎಲ್ಲವನ್ನೂ. ನೀವು ಅವನಿಗೆ ಹೇಳಿದ್ದು ಒಂದೇ ಅಂತೆ: "ನಾನು ಕೇಳಿದ್ದಕ್ಕೆ ಹೇಳಿದಿರಿ, ಇಲ್ಲದಿದ್ದರೆ ಸಾಯುವ ತನಕ ಹೇಳುತ್ತಿರಲಿಲ್ಲ." ಅವನು, ಮುಂದಿನ ಶನಿವಾರ ಹೇಳುವವನಿದ್ದೆ, ವಾಸಣ್ಣನನ್ನು ಕೇಳು ಎಂದ. ಅವನಿಗಿದ್ದ ಒಂದೇ ಸಾಕ್ಷಿ ನಾನು.

ಮೂರು ವಾರದ ಮೇಲೆ ನೀವು ಬಂದಿರಿ. ಬೆಳಗಿನ ವಿಮಾನ ಹಿಡಿದು, ಕೈಯಲ್ಲಿ ಒಂದು ಹ್ಯಾಂಡ್‌ಬ್ಯಾಗ್ ಮಾತ್ರ. ನನ್ನ ಹೆಂಡತಿ ಪ್ರೇಮ ಚಹಾ ಕೊಟ್ಟು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ನೀವು ಕೂರಲಿಲ್ಲ.

"ವಾಸಣ್ಣಾ, ಖರೇ ಹೇಳ್ರಿ. ನನಗ ಹೇಳಬೇಕಂತ ಮಾಡಿದ್ದರಂತ. ನಿಮ್ಮ ಮುಂದ ಅಂದಿದ್ದರಂತ, ಕಾರಿನ್ಯಾಗ. ಹೌದೇನ್ರಿ? ನೀವು ಹೌದು ಅಂದ್ರ ನಾ ತಿರುಗಿ ಮನೀಗೆ ಹೋಗ್ತೀನಿ. ಸಿಟ್ಟು ಇರ್ತದ, ಆದ್ರ ಹೋಗ್ತೀನಿ."

ಹೌದು ಎಂದರೆ ನನಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಗೊತ್ತಿದ್ದೂ ಆ ಮಾತನ್ನು ಆಡಿದೆ ಎಂದಾಗುತ್ತದೆ. ನನ್ನ ತಲೆಯಲ್ಲಿ ಓಡಿದ್ದು ಇದೊಂದೇ. ನೀವು ಅಷ್ಟು ಸ್ಪಷ್ಟವಾಗಿ ಹೇಳಿದ್ದಿರಿ, ನನ್ನ ಒಂದು ಮಾತಿನ ಮೇಲೆ ನಿಮ್ಮ ಮನೆ ನಿಂತಿದೆ ಎಂದು. ಆದರೂ ನಾನು ಯೋಚಿಸಿದ್ದು ನನ್ನ ಹೆಸರನ್ನು.

"ಇಲ್ಲಮ್ಮ. ನನ್ನತ್ರ ಅವನು ಅಂಥದ್ದೇನೂ ಹೇಳ್ಲಿಲ್ಲ. ಮಾತು ಬಾಯಿಗೆ ಬಂತು, ಅಷ್ಟೇ."

ನೀವು ಕಪ್ಪನ್ನು ತೊಳೆದು ಬೋರಲು ಹಾಕಿದಿರಿ. "ಆತು ಬಿಡ್ರಿ," ಎಂದಿರಿ. ಒಂದು ಸುಳ್ಳಿಗಾದರೆ ಅವನನ್ನು ಕ್ಷಮಿಸಬಹುದಿತ್ತೇನೋ. ಸಿಕ್ಕಿಬಿದ್ದ ಮೇಲೂ ಇನ್ನೊಂದು ಸುಳ್ಳು ಕಟ್ಟಿದವನ ಜೊತೆ ಹೇಗೆ ಇರುವುದು ಎಂದು ನೀವು ಆಮೇಲೆ ಪ್ರೇಮಳ ಹತ್ತಿರ ಅಂದಿರಂತೆ. ಆ ಇನ್ನೊಂದು ಸುಳ್ಳನ್ನು ಅವನು ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಹರೀಶನ ಫೋನ್ ಬಂತು. "ಯಾಕೆ ವಾಸಣ್ಣ?" ಎಂದ. ನಾನು ಏನೋ ಹೇಳಲು ಹೊರಟೆ... ಅವನು ಇಟ್ಟುಬಿಟ್ಟ. ಮತ್ತೆಂದೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವನು ಅರ್ಥ ಹೇಳುವುದನ್ನು ಬಿಟ್ಟ. ಕ್ರೇಗಿಬರ್ನ್‌ನ ಆ ಮನೆಯಲ್ಲಿ ಒಬ್ಬನೇ ಇದ್ದಾನೆ ಎಂದು ಮೆಲ್ಬರ್ನಿನವರು ಹೇಳುತ್ತಾರೆ.

ನೀವು ಮಗಳನ್ನು ಕರೆದುಕೊಂಡು ಪ್ಯಾರಮಟ್ಟಾಕ್ಕೆ ಬಂದಿರಿ. ಮುಂದಿನ ಏಳು ವರ್ಷ ನಾನು ಎಷ್ಟು ಒಳ್ಳೆಯವನಾಗಿದ್ದೆ! ನಿಮ್ಮ ಫ್ಲಾಟಿಗೆ ಪೆಟ್ಟಿಗೆಗಳನ್ನು ಹೊತ್ತೆ, ಪರದೆಯ ಕಂಬಿ ಕೂರಿಸಿದೆ. ಅನುಷಾಳಿಗೆ ಕಾರು ಕಲಿಸಿದೆ. ಮೂರನೆಯ ಸಲ ಟೆಸ್ಟ್ ಪಾಸಾದಾಗ ಅವಳು ಮೊದಲು ಫೋನ್ ಮಾಡಿದ್ದು ನನಗೆ. ಹಬ್ಬಕ್ಕೆ ನೀವು ನಮ್ಮಲ್ಲಿಗೆ, ನಾವು ನಿಮ್ಮಲ್ಲಿಗೆ. "ವಾಸಣ್ಣ ಇರಲಿಲ್ಲಂದ್ರ ನಾವಿಬ್ರೂ ಎಲ್ಲಿರತಿದ್ವೋ," ಎಂದು ನೀವು ಜನರೆದುರು ಹೇಳುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ವಿನಯ ಎಂದು ತಿಳಿದರು. ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ ಎಂದು ನಾನು ನನಗೇ ಹೇಳಿಕೊಂಡಿದ್ದೂ ಉಂಟು. ಅದೂ ಸುಳ್ಳು. ನಿಮ್ಮ ಮನೆಯಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆ ನನಗೆ ಇಷ್ಟವಾಗಿತ್ತು. ಹರೀಶನ ಕುರ್ಚಿ ಖಾಲಿಯಾಗಿತ್ತು, ನಾನು ಒಳ್ಳೆಯ ಮುಖ ಹೊತ್ತು ಅದರಲ್ಲಿ ಕುಳಿತೆ. ಅನುಷಾ ಅಪ್ಪನ ಫೋನ್ ಎತ್ತುವುದಿಲ್ಲ ಎಂದು ಗೊತ್ತಿದ್ದೂ ಅವಳ ಪಕ್ಕದ ಸೀಟಿನಲ್ಲಿ ಕುಳಿತು, ಕನ್ನಡಿ ನೋಡು, ಬ್ರೇಕ್ ಹಾಕು ಎನ್ನುತ್ತಿದ್ದೆ.

ಹೋದ ಭಾನುವಾರದ ಹಿಂದಿನ ಭಾನುವಾರ ನೀವು ಊಟಕ್ಕೆ ಕರೆದಿರಿ. ಅನುಷಾಳ ಮದುವೆಯ ಮಾತು. ನಿಮ್ಮ ತಮ್ಮನಿಗೆ ಬರಲು ಆಗುವುದಿಲ್ಲ ಎಂದಿರಿ. ಆಮೇಲೆ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ನಮ್ಮಿಬ್ಬರ ಮುಖ ನೋಡಿ ಕೇಳಿದಿರಿ.

"ನೀವು ಇಬ್ಬರೂ ಧಾರಿ ಎರದು ಕೊಡಬೇಕ್ರಿ. ಅಕಿ ಅಪ್ಪನ ಜಾಗಾದಾಗ ನೀವ ನಿಂದರಬೇಕು, ವಾಸಣ್ಣಾ."

ಅನುಷಾ ಕಣ್ಣರಳಿಸಿ, "ಪ್ಲೀಸ್, ವಾಸು ಅಂಕಲ್. ಇಟ್ ಹ್ಯಾಸ್ ಟು ಬಿ ಯೂ," ಎಂದಳು.

ನಾನು ಏನು ಹೇಳಿದೆ? "ಅದಕ್ಕೇನಮ್ಮ, ಆಗಲಿ," ಎಂದೆ. ಒಂದು ಕ್ಷಣವೂ ತಡೆಯಲಿಲ್ಲ. ಪಾಯಸವನ್ನೂ ಎರಡನೆಯ ಸಲ ಹಾಕಿಸಿಕೊಂಡೆ. ಕಾರಿನಲ್ಲಿ ಬರುವಾಗ ಪ್ರೇಮ ಕಣ್ಣೊರೆಸಿಕೊಳ್ಳುತ್ತ, ನಮಗೆ ಹೆಣ್ಣುಮಕ್ಕಳಿಲ್ಲದ ಕೊರಗು ಇವತ್ತು ಹೋಯಿತು ಎಂದಳು. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಹಿತ್ತಲಿಗೆ ಹೋಗುತ್ತೇನೆ, ಬರುತ್ತೇನೆ, ಬಾಗಿಲು ಹಾಕಿದೆನೇ ಎಂದು ಮತ್ತೆ ಹೋಗುತ್ತೇನೆ. ಆಫೀಸಿನಲ್ಲಿ ಒಂದೇ ನಕ್ಷೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಚ್ಚಿಟ್ಟುಕೊಂಡಿದ್ದೆ. ಮೂರು ಸಲ ಬರೆದು ಹರಿದೆ. ಒಂದರಲ್ಲಿ ಹರೀಶನದೇ ಹೆಚ್ಚು ತಪ್ಪು ಎಂಬಂತೆ ಬರೆದಿದ್ದೆ. ಇನ್ನೊಂದರಲ್ಲಿ ನಾನು ಎಷ್ಟು ನೊಂದಿದ್ದೇನೆ ಎಂಬುದೇ ತುಂಬಿತ್ತು. ಇದು ನಾಲ್ಕನೆಯದು. ಇದರಲ್ಲೂ ಎಲ್ಲಾದರೂ ನನ್ನನ್ನು ನಾನು ಒಳ್ಳೆಯವನನ್ನಾಗಿ ಮಾಡಿಕೊಂಡಿದ್ದರೆ ಆ ಸಾಲನ್ನು ನಂಬಬೇಡಿ.

ಇಂದು ಬೆಳಿಗ್ಗೆ ಪ್ರೇಮಳಿಗೆ ಹೇಳಿದೆ. ಧಾರೆಗೆಂದು ತಂದ ಸೀರೆಗೆ ಅವಳು ಫಾಲ್ ಹೊಲಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಅವಳು ಕೇಳ್ಲಿಕ್ಕೆ ಬಂದ ದಿನ ಚಾ ಮಾಡಿ ಕೊಟ್ಟದ್ದು ನಾನು," ಎಂದಳು. ಅಷ್ಟೇ. ಸೀರೆಯನ್ನು ಮಡಚಿ ಅಂಗಡಿಯ ಚೀಲಕ್ಕೇ ಹಾಕಿದಳು. ಮಧ್ಯಾಹ್ನದ ಊಟಕ್ಕೆ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಹತ್ತು ಗಂಟೆಗೆ ನಾನೇ ತಂದು ಕೊಟ್ಟು, ನೀವು ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಲ್ಲುತ್ತೇನೆ. ಆಮೇಲೆ ನೀವು ಏನು ಕೇಳಿದರೂ ಉತ್ತರಿಸುತ್ತೇನೆ. ಏನೂ ಕೇಳದಿದ್ದರೆ ಹೋಗುತ್ತೇನೆ. ಕ್ಷಮಿಸಿ ಎಂದು ಬರೆದಿಲ್ಲ, ನೋಡಿದಿರಲ್ಲ. ಅದನ್ನು ಬೇಡುವ ಮುಖ ನನಗಿಲ್ಲ. ಸಂಜೆ ವಾಟ್ಸ್ಯಾಪ್ ಗುಂಪಿಗೂ ಬರೆಯುತ್ತೇನೆ: ಅಂದಿನ ಮಾತು ಓಘದ್ದಲ್ಲ, ವಿಶ್ವಾಸದಿಂದ ಹೇಳಿದ್ದನ್ನು ಕದ್ದು ಆಡಿದ್ದು ಎಂದು. ನಿಮ್ಮ ಹೆಸರು, ಆ ಹೆಣ್ಣಿನ ವಿಷಯ ಅದರಲ್ಲಿ ಬರುವುದಿಲ್ಲ.

ಹರೀಶನಿಗೆ ನಾನು ಫೋನ್ ಮಾಡುವುದಿಲ್ಲ. ನನ್ನ ದನಿ ಅವನಿಗೆ ಬೇಕಾಗಿಲ್ಲ. ಅವನು ಏಳು ವರ್ಷದಿಂದ ಕಾಯುತ್ತಿರುವುದು ನಿಮ್ಮದಕ್ಕೆ. ನೀವು ಮಾಡುತ್ತೀರೋ ಬಿಡುತ್ತೀರೋ, ಅದು ನಿಮಗೆ ಬಿಟ್ಟದ್ದು. ಆ ಮೊದಲ ಹೆಣ್ಣಿನ ವಿಷಯ ಹಾಗೆಯೇ ಇದೆ, ನನ್ನ ಈ ಕಾಗದದಿಂದ ಅದೇನೂ ತೊಳೆದುಹೋಗುವುದಿಲ್ಲ.

ಆದರೆ ಮದುವೆಗೆ ಇನ್ನೂ ನಾಲ್ಕು ವಾರವಿದೆ. ಅನುಷಾಳ ಅಪ್ಪನ ಜಾಗದಲ್ಲಿ ನಾನು ನಿಲ್ಲಲಾರೆ, ಸುಮನಾ. ಅವಳಿಗೆ ಅಪ್ಪ ಇದ್ದಾನೆ. ನಿಮಗೆ ಮೊದಲನೆಯ ಸುಳ್ಳು ಹೇಳಿದವನು ಅವನು. ಎರಡನೆಯದನ್ನು ಹೇಳಿದವನು ನಾನು.